ಸೋದರಮಾವನೂ ಮೆಂಡಲನ ಬಟಾಣಿಯೂ

ಪ್ರತಿ ವರ್ಷ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಶುರುಮಾಡುವ ದಿನ ನಾನು ಮೆಂಡಲನ ಹೆಸರನ್ನು ಮೊದಲಿಗೇ ಎತ್ತುವುದಿಲ್ಲ. ಕಪ್ಪುಹಲಗೆಯ ಮೇಲೆ ‘ಮಾವ’ ಎಂದು ಬರೆದು, ಇದರ ಅರ್ಥವೇನು ಎಂದು ಕೇಳುತ್ತೇನೆ. ‘ಅಮ್ಮನ ತಮ್ಮ’ ಎಂದು ಅರ್ಧ ತರಗತಿ ಕೂಗಿದರೆ, ‘ಗಂಡನ ಅಪ್ಪ’ ಎಂದು ಉಳಿದರ್ಧ ಕೂಗುತ್ತದೆ. ಎರಡೂ ಸರಿ. ‘ಅತ್ತೆ’ ಎಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ‘ಅಳಿಯ’ ಎಂದರೆ ಅಕ್ಕನ ಮಗನೂ ಹೌದು, ಮಗಳ ಗಂಡನೂ ಹೌದು. ‘ಸೊಸೆ’ಯ ಕಥೆಯೂ ಅದೇ. ಒಂದೇ ಪದಕ್ಕೆ ಎರಡು ನಂಟು ಏಕೆ ಬಂತು ಎಂದರೆ, ಅನೇಕ ಮನೆಗಳಲ್ಲಿ ಆ ಇಬ್ಬರೂ ಒಬ್ಬರೇ ಆಗಿರುತ್ತಿದ್ದರು. ಅಮ್ಮನ ಅಣ್ಣನೇ ನಾಳೆ ಗಂಡನ ಅಪ್ಪನಾಗುತ್ತಿದ್ದ.

ನಮ್ಮ ಬಂಗಾರಪೇಟೆಯ ತರಗತಿಯೆಂದರೆ ಭಾಷೆಗಳ ಸಂತೆ. ಚಿನ್ನದ ಗಣಿಯ ಕಡೆಯಿಂದ ಬರುವ ತಮಿಳು ಮಕ್ಕಳು ‘ತಾಯ್ ಮಾಮನ್’ ಎನ್ನುತ್ತಾರೆ. ಆಂಧ್ರದ ಗಡಿಯ ಹಳ್ಳಿಗಳ ಮಕ್ಕಳು ‘ಮೇನಮಾಮ’ ಎನ್ನುತ್ತಾರೆ. ಈ ಬಗೆಯ ಮದುವೆಗೆ ‘ಮೇನರಿಕಂ’ ಎಂಬ ಹೆಸರೇ ಇದೆ ಎಂದು ನನಗೇ ಪಾಠ ಹೇಳುತ್ತಾರೆ. ಉರ್ದು ಮಾತಾಡುವ ಹುಡುಗ ‘ಮಾಮೂ’ ಎಂದು ದನಿಗೂಡಿಸುತ್ತಾನೆ. ಎಲ್ಲರೂ ನಗುತ್ತಾರೆ. ಪಾಠ ಹಗುರಾಗಿ ಸಾಗುತ್ತದೆ.

ಮೊನ್ನೆ ಒಂದು ವರ್ಷ ಮಾತ್ರ ಹಾಗಾಗಲಿಲ್ಲ. ನಾಚಿಕೆಯ ಮಕ್ಕಳಿಗಾಗಿ ನಾನು ತರಗತಿಯಲ್ಲಿ ಒಂದು ಪ್ರಶ್ನೆಡಬ್ಬಿ ಇಟ್ಟಿರುತ್ತೇನೆ. ಅಂದು ಸಂಜೆ ಅದರಲ್ಲಿ ಒಂದು ಚೀಟಿ ಸಿಕ್ಕಿತು. ‘ಸಾರ್, ನಮ್ಮ ಮಾವನನ್ನೇ ಮದುವೆಯಾದರೆ ಮಗು ಕುರುಡೋ ಕಿವುಡೋ ಆಗಿ ಹುಟ್ಟುತ್ತದೆ ಅನ್ನುವುದು ನಿಜವೇ? ದಯವಿಟ್ಟು ಯಾರು ಬರೆದದ್ದು ಎಂದು ಕೇಳಬೇಡಿ.’ ನಾನು ಕೇಳಲಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಅಕ್ಷರ ನೋಡಿದರೆ ಸಾಕು. ಮೂರನೆಯ ಬೆಂಚಿನ ಹುಡುಗಿ, ಓದಿನಲ್ಲಿ ಚುರುಕು. (ಇದನ್ನು ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಜಾತಿ ಹೇಳುವುದಿಲ್ಲ. ಓದುಗರು ಊಹಿಸುವುದೂ ಬೇಡ.)

ಒಂದು ಪುಟ್ಟ ಲೆಕ್ಕ

ಮರುದಿನ ಆ ಪ್ರಶ್ನೆಗೆ ಇಡೀ ತರಗತಿಗೇ ಉತ್ತರ ಹೇಳಿದೆ. ನಮ್ಮ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ ಬಂದದ್ದು, ಒಂದು ತಾಯಿಯಿಂದ ಬಂದದ್ದು. ಆದ್ದರಿಂದ ಅವುಗಳ ಮೇಲಿರುವ ವಂಶವಾಹಿಗಳೂ ಜೋಡಿಜೋಡಿ. ಒಂದು ಕೋಣೆಯಲ್ಲಿ ಎರಡು ಬಲ್ಬುಗಳಿವೆ ಎಂದಿಟ್ಟುಕೊಳ್ಳಿ. ಒಂದು ಕೆಟ್ಟರೂ ಬೆಳಕಿಗೆ ಕೊರತೆಯಿಲ್ಲ. ಎರಡೂ ಕೆಟ್ಟರೆ ಕತ್ತಲೆ. ಮೆಂಡಲ್ 1866ರಲ್ಲಿ ಬಟಾಣಿ ಗಿಡಗಳ ಮೇಲಿನ ತನ್ನ ಪ್ರಬಂಧವನ್ನು ಪ್ರಕಟಿಸಿದಾಗ ‘ದುರ್ಬಲ’ ಎಂದು ಕರೆದ ಗುಣಗಳ ಗುಟ್ಟು ಇದೇ. ಕೆಟ್ಟ ವಂಶವಾಹಿಯೊಂದು ತಲೆಮಾರುಗಟ್ಟಲೆ ಸದ್ದಿಲ್ಲದೆ ಅಡಗಿರಬಲ್ಲದು. ಅಂಥವು ಕೆಲವಾದರೂ ನಮ್ಮೆಲ್ಲರಲ್ಲೂ ಇವೆ, ನಿಮ್ಮಲ್ಲಿಯೂ, ನನ್ನಲ್ಲಿಯೂ.

ಈಗ ಒಬ್ಬ ಅಜ್ಜನಲ್ಲಿ ಅಂಥ ಒಂದು ವಂಶವಾಹಿ ಅಡಗಿದೆ ಎನ್ನೋಣ. ಅದು ಅವನ ಮಗನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು. ಮಗಳಿಗೂ ಅಷ್ಟೇ. ಮಗಳ ಮಗಳಿಗೆ ನಾಲ್ಕರಲ್ಲಿ ಒಂದು. ಆ ಮಗನಿಗೆ ಈ ಮೊಮ್ಮಗಳನ್ನೇ ತಂದರೆ, ಇಬ್ಬರಲ್ಲೂ ಅದಿರುವ ಸಂಭವ ಎಂಟರಲ್ಲಿ ಒಂದು. ಇಬ್ಬರಲ್ಲೂ ಇದ್ದಾಗ ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬರುವ ಸಂಭವ ನಾಲ್ಕರಲ್ಲಿ ಒಂದು. ಗುಣಿಸಿದರೆ 32ರಲ್ಲಿ ಒಂದು. ಅದೇ ಹುಡುಗ ಸಂಬಂಧವಿಲ್ಲದ ಹುಡುಗಿಯನ್ನು ಮದುವೆಯಾದ ಎನ್ನಿ. ಹೊರಗಿನ ನೂರು ಜನರಲ್ಲಿ ಒಬ್ಬರಲ್ಲಿ ಆ ವಂಶವಾಹಿ ಇದೆ ಎಂದು ಹಿಡಿದರೆ, ಅದೇ ಸಂಭವ 800ರಲ್ಲಿ ಒಂದಕ್ಕೆ ಇಳಿಯುತ್ತದೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ತಾವೇ ಮಾಡಿ ನೋಡಬಹುದು.

ಅಜ್ಜ ಅಜ್ಜಿ ಇಬ್ಬರ ಎಲ್ಲ ವಂಶವಾಹಿಗಳನ್ನೂ ಸೇರಿಸಿ ಹೇಳುವುದಾದರೆ, ಮಾವ–ಸೊಸೆಯ ಮಗುವಿನಲ್ಲಿ ಸರಾಸರಿ ಎಂಟನೆಯ ಒಂದು ಭಾಗ ವಂಶವಾಹಿಗಳು ಒಂದೇ ಮೂಲದ ಎರಡು ನಕಲುಗಳಾಗಿರುತ್ತವೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದರೆ ಹದಿನಾರನೆಯ ಒಂದು ಭಾಗ.

ಹಾಗೆಂದರೆ ಎಂಟರಲ್ಲಿ ಒಂದು ಮಗು ಕಿವುಡಾಗುತ್ತದೆ ಎಂದಲ್ಲ. ಇಲ್ಲೇ ಅನೇಕರು ಎಡವುವುದು. ಯಾವ ಸಂಬಂಧವೂ ಇಲ್ಲದ ದಂಪತಿಗಳಲ್ಲೂ 100 ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೊಂದು ಗಂಭೀರ ತೊಂದರೆ ಇರುತ್ತದೆ. ಮಾವನ ಮಗಳು, ಅತ್ತೆಯ ಮಗನಂಥ ಸಂಬಂಧದಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಮಾವ–ಸೊಸೆಯ ಸಂಬಂಧದಲ್ಲಿ ಇನ್ನಷ್ಟು ಏರುತ್ತದೆ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ತೊಂದರೆ ಬಂದ ಮನೆಗೆ ಅದು ನೂರಕ್ಕೆ ನೂರು.

ಇಷ್ಟು ಹೇಳಿ ಪಾಠ ಮುಗಿಸಿದೆ. ಹುಡುಗಿ ತಲೆ ಎತ್ತಲಿಲ್ಲ.

ಅಜ್ಜಿ ಕೇಳಿದ ಪ್ರಶ್ನೆ

ಮೂರನೆಯ ದಿನ ಸಂಜೆ ಅವಳ ಅಜ್ಜಿ ನಮ್ಮ ಮನೆ ಬಾಗಿಲಿಗೆ ಬಂದರು. ತಾಯಿಯ ತಾಯಿ. ಸೆರಗು ಬಿಗಿಯಾಗಿ ಸುತ್ತಿಕೊಂಡು ಜಗುಲಿಯ ಮೇಲೇ ಕುಳಿತರು.

‘ಮೇಷ್ಟ್ರೇ, ನಮ್ ಹುಡುಗೀಗೆ ಏನ್ ಪಾಠ ಹೇಳ್ಕೊಟ್ರಿ? ಎರಡು ದಿನದಿಂದ ಮನೇಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಹತ್ತನೇದು ಮುಗಿದ ಮೇಲೆ ತಾಂಬೂಲ ಬದಲಾಯಿಸೋದು, ಹದಿನೆಂಟು ತುಂಬಿದ ಕೂಡ್ಲೆ ಮದುವೆ ಅಂತ ಅವಳು ಹುಟ್ಟಿದಾಗ್ಲೇ ಮಾತಾಗಿತ್ತು. ನನ್ ಮಗ ಏನ್ ಕುಡುಕನಾ, ಕಳ್ಳನಾ?’

ನಾನು ನನ್ನ ಲೆಕ್ಕವನ್ನೇ ಹೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದರು.

‘ನಿಮ್ ಲೆಕ್ಕ ಇರ್ಲಿ ಸಾಮಿ. ನನ್ ಲೆಕ್ಕ ಕೇಳಿ. ಹೊರಗಡೆ ಕೊಟ್ರೆ ಒಡವೆ ಕೇಳ್ತಾರೆ, ಗಾಡಿ ಕೇಳ್ತಾರೆ. ಕೊಟ್ಟು ಕಳ್ಸಿದ್ ಮೇಲೆ ಹುಡುಗಿ ಉಂಡ್ಲೋ ಇಲ್ವೋ ಯಾರ್ ನೋಡ್ತಾರೆ? ನಮ್ಮನೇಗೆ ಬಂದ್ರೆ ನಾನು ಅವಳಿಗೆ ಅಜ್ಜೀನೂ ಹೌದು, ಅತ್ತೇನೂ ಹೌದು. ಅಜ್ಜಿ ಯಾವತ್ತಾದ್ರೂ ಮೊಮ್ಮಗಳ ಮೈಗೆ ಬೆಂಕಿ ಹಚ್ತಾಳಾ? ಹೇಳಿ.’

ನನ್ನಲ್ಲಿ ಉತ್ತರವಿರಲಿಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದಲೂ ಇದೆ ಎಂದು ಹೇಳಬಹುದಿತ್ತು. ಆ ಕಾಯ್ದೆಯ ಇಷ್ಟು ವರ್ಷಗಳ ನಂತರವೂ ಆಕೆ ಏಕೆ ಹೆದರುತ್ತಿದ್ದಾರೆ ಎಂಬುದಕ್ಕೆ ಅದು ಸಮಾಧಾನವಲ್ಲ. ಕಾಫಿ ತರಿಸಿದೆ. ಅವರು ಕುಡಿದು, ಏನೂ ಹೇಳದೆ ಹೊರಟುಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಈ ಮಾತುಕತೆ ನನ್ನ ಬಾಳಿನಲ್ಲಿ ಮೊದಲ ಸಲದ್ದಾಗಿರಲಿಲ್ಲ.

ನಾನು ತಪ್ಪಿದ್ದೆಲ್ಲಿ

ನನ್ನ ಅಮ್ಮ ನನ್ನ ಅಪ್ಪನ ಅಕ್ಕನ ಮಗಳು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಅವನನ್ನು ಮೈಸೂರಿಗೆ ಕರೆದೊಯ್ದಾಗ ಕೇಳಿದ ಮೊದಲ ಪ್ರಶ್ನೆ, ‘ಗಂಡ ಹೆಂಡತಿ ಸಂಬಂಧದವರೇ?’ ಎಂಬುದಾಗಿತ್ತಂತೆ. ಅಮ್ಮ ಆ ಪ್ರಶ್ನೆಯನ್ನು ಯಾರ ಮುಂದೆಯೂ ಮತ್ತೆ ಎತ್ತಿದವಳಲ್ಲ.

1995ರಲ್ಲಿ ನನಗೆ ಇಪ್ಪತ್ತೇಳು. ಬಿಎಸ್ಸಿ, ಬಿಎಡ್ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಕ್ಕನ ಮಗಳಿಗೆ ಹದಿನೆಂಟು ತುಂಬಿತು. ಅಕ್ಕ ಮುಳಬಾಗಿಲು ಕಡೆಯ ತನ್ನ ಊರಿನಿಂದ ಹಣ್ಣುಕಾಯಿ ತಟ್ಟೆ ಹಿಡಿದು ಬಂದಳು. ಕೇಳುವುದಕ್ಕಲ್ಲ, ದಿನ ಗೊತ್ತುಮಾಡುವುದಕ್ಕೆ. ನಾನು ಬೇಡವೆಂದೆ. ಹಾಗೆಂದು ಸುಮ್ಮನಿರಲಿಲ್ಲ. ಗೋಡೆಯ ಕ್ಯಾಲೆಂಡರು ಕಿತ್ತು ನೆಲದ ಮೇಲೆ ಹಾಸಿ, ಅದರ ಹಿಂಬದಿಯಲ್ಲಿ ವಂಶವೃಕ್ಷ ಬರೆದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತಮ್ಮನ ಚೌಕಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿದೆ. ‘ನೋಡು, ಇದನ್ನೇ ಮತ್ತೆ ಮಾಡಬೇಕಾ?’ ಎಂದೆ.

ಅಕ್ಕ ಮಾತಾಡಲಿಲ್ಲ. ಅಮ್ಮ ಕೇಳಿದಳು. ‘ಹಾಗಾದ್ರೆ ಅವನನ್ನ ಹಾಗೆ ಮಾಡಿದ್ದು ನಾನೇನು?’

ಇಂದು ಆ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಹುಟ್ಟುಕಿವುಡಿಗೆ ಕಾರಣಗಳು ಹಲವು. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದಿರಬಹುದು, ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ತೊಂದರೆಯಾಗಿರಬಹುದು, ವಂಶವಾಹಿಯೂ ಇರಬಹುದು. ಪರೀಕ್ಷೆ ಮಾಡಿಸದೆ ಒಂದು ಮಗುವನ್ನು ತೋರಿಸಿ ‘ಇದರಿಂದಲೇ ಹೀಗಾಯಿತು’ ಎಂದು ಹೇಳಲು ವಿಜ್ಞಾನಕ್ಕೆ ಬರುವುದಿಲ್ಲ. ಅದು ಸಂಭವವನ್ನು ಹೇಳುತ್ತದೆಯೇ ಹೊರತು ಅಪರಾಧಿಯನ್ನು ಹಿಡಿದುಕೊಡುವುದಿಲ್ಲ. ವಂಶವಾಹಿಯೇ ಕಾರಣವಾಗಿದ್ದರೂ ಅದು ಯಾರ ತಪ್ಪೂ ಅಲ್ಲ. ಹದಿನಾರು ವರ್ಷಕ್ಕೆ ತಾಳಿ ಕಟ್ಟಿಸಿಕೊಂಡ ನನ್ನ ಅಮ್ಮನದಂತೂ ಅಲ್ಲವೇ ಅಲ್ಲ. ಅಂದು ನಾನು ಇದೊಂದನ್ನೂ ಹೇಳಲಿಲ್ಲ. ಗೆದ್ದೆನೆಂದುಕೊಂಡು ಎದ್ದು ಹೋದೆ.

ನನ್ನ ಮದುವೆಗೆ ಅಕ್ಕ ಬರಲಿಲ್ಲ. ಭಾದ್ರಪದದಲ್ಲಿ ಗೌರಿಹಬ್ಬಕ್ಕೆ ತವರಿನಿಂದ ಅಕ್ಕನಿಗೆ ಮೊರದ ಬಾಗಿನ ಹೋಗಬೇಕು. ನಾನು ಹೋಗಲಿಲ್ಲ. ತಮ್ಮ ಹೋದ. ನಾನು ಕಪ್ಪು ಚೌಕ ಮಾಡಿದ್ದ ತಮ್ಮ, ಹೊಲಿಗೆ ಕೆಲಸ ಕಲಿತು ತನ್ನ ದುಡಿಮೆಯಲ್ಲಿ ಕೊಂಡ ರವಿಕೆ ಕಣ ಇಟ್ಟುಕೊಂಡು, ಬಸ್ಸಿನಲ್ಲಿ ಮೊರ ಹೊತ್ತು, ವರ್ಷ ತಪ್ಪದೆ ಹೋಗಿ ಬಂದ. ನಾನು ಅವನ ಜೊತೆ ಹೊರಟದ್ದು ಎಂಟು ವರ್ಷದ ನಂತರ. ಆಗ ಒಂದು ಸಂಗತಿ ತಿಳಿಯಿತು. ಅಕ್ಕ ಮಗಳನ್ನು ಹೊರಗೆ ಕೊಡಲು ಇದ್ದ ಮುಕ್ಕಾಲು ಎಕರೆ ಹೊಲವನ್ನು ಅಡವಿಟ್ಟಿದ್ದಳು. ಅದು ಇನ್ನೂ ಬಿಡುಗಡೆಯಾಗಿರಲಿಲ್ಲ. ತಿಂಗಳಿಗೆ ಸಂಬಳ ಎಣಿಸುತ್ತಿದ್ದ ನಾನು ಮದುವೆ ಬೇಡವೆಂದಿದ್ದೆ, ಸರಿ. ಆದರೆ ಅವಳ ಮಗಳ ಮದುವೆಗೆ ಹತ್ತು ರೂಪಾಯಿಯನ್ನೂ ಕೊಟ್ಟಿರಲಿಲ್ಲ, ಒಂದು ಗಂಡೂ ಹುಡುಕಿರಲಿಲ್ಲ. ಪದ್ಧತಿಯನ್ನು ಬಿಡುವಾಗ ಆ ಪದ್ಧತಿ ಹೊತ್ತಿದ್ದ ಹೊಣೆಯನ್ನೂ ಅದರ ಜೊತೆಗೇ ಬಿಟ್ಟುಬಿಟ್ಟಿದ್ದೆ.

ಸಂಪ್ರದಾಯ ಎಂಬುದು ಒಂದೇ ಅಲ್ಲ

‘ಇದು ನಮ್ಮ ಹಿಂದೂ ಸಂಪ್ರದಾಯ, ಬಿಡಲಾಗದು’ ಎಂದು ಹೇಳುವ ಹಿರಿಯರಿದ್ದಾರೆ. ಅವರು ಒಂದು ವಿಷಯ ಗಮನಿಸಬೇಕು. ವಿಂಧ್ಯದಿಂದಾಚೆ ಅಕ್ಕನ ಮಗಳ ಜೊತೆ ಮದುವೆ ಎಂದರೆ ಕಿವಿ ಮುಚ್ಚಿಕೊಳ್ಳುವ ಹಿಂದೂಗಳೇ ಹೆಚ್ಚು. ಎರಡು ಸಾವಿರ ವರ್ಷಕ್ಕೂ ಹಿಂದಿನದೆಂದು ವಿದ್ವಾಂಸರು ಹೇಳುವ ಬೌಧಾಯನ ಧರ್ಮಸೂತ್ರ, ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ತರುವುದನ್ನು ದಕ್ಷಿಣದವರ ವಿಶೇಷ ಆಚಾರಗಳ ಪಟ್ಟಿಯಲ್ಲಿ ಸೇರಿಸಿದೆ. ಇದು ಸರಿಯೇ ಎಂಬ ಚರ್ಚೆ ಅಂದೇ ಇತ್ತು. ಅಕ್ಕನ ಮಗಳನ್ನು ತರುವ ಮಾತು ಆ ಪಟ್ಟಿಯಲ್ಲೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯೂ ಇದೇ ಜಗಳವನ್ನು ರಾಜಿ ಮಾಡಿದೆ. ಮಾವ–ಸೊಸೆಯ ಮದುವೆ, ಅಣ್ಣತಂಗಿಯರ ಮಕ್ಕಳ ಮದುವೆ ನಿಷಿದ್ಧ ಎಂದು ಬರೆದು, ‘ರೂಢಿಯಲ್ಲಿದ್ದರೆ ಆಗಬಹುದು’ ಎಂದು ವಿನಾಯಿತಿ ಕೊಟ್ಟಿದೆ. ಆದ್ದರಿಂದ ಇದು ಧರ್ಮದ ಅಪ್ಪಣೆಯಲ್ಲ, ನಮ್ಮ ಸೀಮೆಯ ರೂಢಿ.

ಆ ರೂಢಿಯೇನು ಸಣ್ಣದಲ್ಲ. ಅರ್ಜುನ ಮದುವೆಯಾದ ಸುಭದ್ರೆ ಅವನ ಸೋದರಮಾವ ವಸುದೇವನ ಮಗಳು. ನಮ್ಮ ಕಡೆ ಹಿರಿಯರೆಲ್ಲ ನೋಡಿದ 1957ರ ‘ಮಾಯಾಬಜಾರ್’ ಚಿತ್ರದ ಕಥೆಯೇ, ಮಾವನ ಮಗಳು ಶಶಿರೇಖೆಯನ್ನು ಅಭಿಮನ್ಯುವಿಗೆ ತಪ್ಪಿಸಲು ಹೊರಟವರ ಫಜೀತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರ ಕಲೆಹಾಕಿದರು. ಹಿಂದೂ ದಂಪತಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧಿಗಳೇ ಆಗಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ 100ಕ್ಕೆ ಸುಮಾರು 27 ಮದುವೆಗಳು ಸಂಬಂಧದೊಳಗಿನವು. ದೇಶದ ಸರಾಸರಿ 11.

ಗೋತ್ರ ನೋಡಿಯೇ ಮದುವೆ ಮಾಡುತ್ತೇವಲ್ಲ ಎನ್ನುವವರೂ ಉಂಟು. ಗೋತ್ರ, ಬೆಡಗು, ಇಂಟಿಪೇರುಗಳು ಎಣಿಸುವುದು ಸಾಮಾನ್ಯವಾಗಿ ತಂದೆಯ ಬಳ್ಳಿಯನ್ನು ಮಾತ್ರ. ಅಕ್ಕ ಮದುವೆಯಾಗಿ ಹೋದೊಡನೆ ಅವಳ ಮಗಳ ಗೋತ್ರ ಬೇರೆಯಾಗುತ್ತದೆ. ವಂಶವಾಹಿಗಳು ಬೇರೆಯಾಗುವುದಿಲ್ಲ, ಅರ್ಧ ತಾಯಿಯಿಂದಲೇ ಬಂದಿರುತ್ತವೆ. ಇನ್ನೊಂದು ವಿಚಿತ್ರ ನೋಡಿ. ಚಿಕ್ಕಪ್ಪನ ಮಗಳು, ದೊಡ್ಡಮ್ಮನ ಮಗಳು ನಮಗೆ ತಂಗಿ. ಮದುವೆಯ ಮಾತೆತ್ತಿದರೆ ಪಾಪ. ಮಾವನ ಮಗಳು ಮಾತ್ರ ವಧು. ಮುಸ್ಲಿಮರಲ್ಲಿ ಚಿಕ್ಕಪ್ಪನ ಮಗಳನ್ನು ಮದುವೆಯಾಗಬಹುದು, ಆದರೆ ಸೋದರಮಾವ–ಸೊಸೆಯ ಮದುವೆ ನಿಷಿದ್ಧ. ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆದಿದ್ದಾರೆ. ವಂಶವಾಹಿಗೆ ಈ ಗೆರೆಗಳು ತಿಳಿಯವು. ಅದಕ್ಕೆ ಚಿಕ್ಕಪ್ಪನ ಮಗಳೂ ಮಾವನ ಮಗಳೂ ಒಂದೇ, ಇಬ್ಬರೂ ಹದಿನಾರನೆಯ ಒಂದು ಭಾಗದವರು.

ತಲತಲಾಂತರದಿಂದ ಹೀಗೆ ನಡೆದು ಬಂದಿರುವುದರಿಂದ ಕೆಟ್ಟ ವಂಶವಾಹಿಗಳು ಸೋಸಿಹೋಗಿರಬಹುದು ಎಂಬ ವಾದವನ್ನು ವಿಜ್ಞಾನಿಗಳೂ ಮಂಡಿಸಿದ್ದುಂಟು. ಸ್ವಲ್ಪ ಮಟ್ಟಿಗೆ ಹಾಗಾಗಿರಬಹುದು. ಆದರೆ ವಂಶವಾಹಿಗಳಲ್ಲಿ ಹೊಸ ಬದಲಾವಣೆಗಳು ಆಗುತ್ತಲೇ ಇರುತ್ತವೆ. ಅಪಾಯ ಪೂರ್ತಿ ಇಲ್ಲವಾಗಿಲ್ಲ ಎಂಬುದನ್ನು ಆಸ್ಪತ್ರೆಗಳ ಅನುಭವವೇ ಹೇಳುತ್ತದೆ.

ಡಾರ್ವಿನ್ನನ ಮನೆಯಲ್ಲೂ

ಇದು ನಮ್ಮ ನಾಡಿನ ಸಂಕಟ ಮಾತ್ರವಲ್ಲ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆಯಾದ ಎಮ್ಮಾ ವೆಜ್‌ವುಡ್ ಅವನ ತಾಯಿಯ ತಮ್ಮನ ಮಗಳು. ನಮ್ಮ ಭಾಷೆಯಲ್ಲಿ ಹೇಳಿದರೆ ಸೋದರಮಾವನ ಮಗಳು. ಹತ್ತು ಮಕ್ಕಳಾದವು. ಮೂವರು ಎಳವೆಯಲ್ಲೇ ತೀರಿಕೊಂಡರು. ಹತ್ತು ವರ್ಷದ ಆ್ಯನಿ 1851ರಲ್ಲಿ ಹೋದಾಗ ತಂದೆಗಾದ ದುಃಖ ಕೊನೆಯವರೆಗೂ ಆರಲಿಲ್ಲ. ತನ್ನ ಮದುವೆಯೇ ಇದಕ್ಕೆ ಕಾರಣವೇ ಎಂಬ ಶಂಕೆ ಅವನನ್ನು ಕಾಡುತ್ತಿತ್ತು. 1871ರ ಜನಗಣತಿಯಲ್ಲಿ ಸಂಬಂಧದೊಳಗಿನ ಮದುವೆಗಳ ಬಗ್ಗೆ ಪ್ರಶ್ನೆ ಸೇರಿಸಬೇಕೆಂದು ಅವನು ಪ್ರಯತ್ನಿಸಿದ; ಬ್ರಿಟನ್ನಿನ ಸಂಸತ್ತು ಒಪ್ಪಲಿಲ್ಲ. ಅವನ ಮಗ ಜಾರ್ಜ್ ಮುಂದೆ ಅದೇ ವಿಷಯವನ್ನು ಅಧ್ಯಯನ ಮಾಡಿದ. ಉಳಿದ ಮಕ್ಕಳಲ್ಲಿ ಮೂವರು ರಾಯಲ್ ಸೊಸೈಟಿಯ ಸದಸ್ಯರಾದರು ಎಂಬುದನ್ನೂ ಹೇಳಬೇಕು. ಸಂಭವ ಎಂದರೆ ಇದೇ. ಒಂದೇ ಮನೆಯಲ್ಲಿ ಅಳುವೂ ಉಂಟು, ಹೆಮ್ಮೆಯೂ ಉಂಟು.

ಡಾರ್ವಿನ್ನನಿಗೆ ಮೆಂಡಲನ ಲೆಕ್ಕ ಗೊತ್ತಿರಲಿಲ್ಲ. 1902ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯ, ಮೂತ್ರ ಕಪ್ಪಾಗುವ ಒಂದು ಅಪರೂಪದ ಕಾಯಿಲೆಯ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಸಂಬಂಧಿಗಳೇ ಆಗಿರುವುದನ್ನು ಗಮನಿಸಿ, ಅದನ್ನು ಮೆಂಡಲನ ನಿಯಮಕ್ಕೆ ಜೋಡಿಸಿದ. ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ನಮ್ಮ ಕೋಲಾರ ಚಿನ್ನದ ಗಣಿಗೆ ಬಂದದ್ದೂ ಅದೇ ವರ್ಷ. ವಿದ್ಯುತ್ತನ್ನು ನಾವು ಕೂಡಲೇ ಮನೆಯೊಳಗೆ ಬಿಟ್ಟುಕೊಂಡೆವು. ಗ್ಯಾರಡನ ಮಾತು ಇನ್ನೂ ಹೊಸಿಲ ಹೊರಗೇ ನಿಂತಿದೆ.

ಮಾವ ಬಂದ

ಅಜ್ಜಿ ಬಂದುಹೋದ ಮುಂದಿನ ಭಾನುವಾರ ಆ ಹುಡುಗಿಯ ಮಾವ ಬಂದ. ಇಪ್ಪತ್ತೇಳರ ಯುವಕ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಈ ಕಡೆಯ ಸಾವಿರಾರು ಜನರಂತೆ ಅವನೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವನು. ನನ್ನನ್ನು ಬೈಯಲು ಬಂದಿದ್ದಾನೆಂದುಕೊಂಡೆ.

‘ಸಾರ್, ಆ ಮಗೂನ ಎತ್ತಿ ಆಡಿಸಿದವನು ನಾನು. ಮದುವೆ ಅಂದ್ರೆ ಮನಸ್ಸು ಒಪ್ಪಲ್ಲ. ಆದ್ರೆ ಅಪ್ಪ ಹೋದ ಮೇಲೆ ನನ್ನ ಓದಿಸಿದ್ದು ಅಕ್ಕ. ಅವಳಿಗೆ ಬೇಡ ಅಂತ ಹೇಗೆ ಹೇಳ್ಲಿ?’

ಅವನಿಗೆ ನನ್ನ ಕ್ಯಾಲೆಂಡರಿನ ಕಥೆ ಹೇಳಿದೆ. ಮುಕ್ಕಾಲು ಎಕರೆಯ ಕಥೆಯನ್ನೂ ಹೇಳಿದೆ. ಆಮೇಲೆ ಹೀಗೆಂದೆ: ‘ಬೇಡ ಅನ್ನುವುದೊಂದೇ ಮಾತಾದರೆ ನಿನ್ನ ಅಕ್ಕನಿಗೆ ಬಾಗಿಲು ಮುಚ್ಚಿದ ಹಾಗಾಗುತ್ತದೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳು. ಹುಡುಗಿ ದೊಡ್ಡವಳಾದಾಗ ಹಸಿರುಸೊಪ್ಪಿನ ಗುಡಿಸಲು ಕಟ್ಟಿದವನು ನೀನು ತಾನೆ? ಮದುವೆಯ ದಿನ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನೂ ಸೋದರಮಾವನೇ. ಅದೂ ಸಂಪ್ರದಾಯವೇ. ಆ ಸಂಪ್ರದಾಯವನ್ನು ಹಿಡಿದುಕೋ. ಅವಳ ಓದಿನ ಖರ್ಚು ನನ್ನದು, ನಾಳೆ ಗಂಡು ವಿಚಾರಿಸುವುದು ನನ್ನ ಕೆಲಸ, ಕೊಟ್ಟ ಮನೆಗೆ ಹೋಗಿ ಬಂದು ನೋಡಿಕೊಳ್ಳುವವನು ನಾನು ಅಂತ ಹೇಳು. ಹೇಳಿದ ಮೇಲೆ ಮಾಡು.’

ಅವನು ಮನೆಯಲ್ಲಿ ಏನು ಹೇಳಿದನೋ, ಎಷ್ಟು ದಿನ ಹಿಡಿಯಿತೋ, ಎಲ್ಲ ನನಗೆ ಗೊತ್ತಿಲ್ಲ. ಅಂಚೆ ಕಚೇರಿಯಲ್ಲಿ ಸೊಸೆಯ ಹೆಸರಿನಲ್ಲಿ ತಿಂಗಳು ತಿಂಗಳು ಕಟ್ಟುವ ಒಂದು ಖಾತೆ ತೆರೆದು, ಪಾಸ್‌ಪುಸ್ತಕವನ್ನು ಅಕ್ಕನ ಕೈಗೆ ಕೊಟ್ಟನೆಂದು ತಿಳಿಯಿತು. ಆಗ ಮೊದಲ ಬಾರಿಗೆ ಯಾರೋ ಹುಡುಗಿಯನ್ನೇ ಕೇಳಿದರಂತೆ, ನಿನಗೇನು ಬೇಕು ಎಂದು. ‘ಓದಬೇಕು. ಮಾವ ಮಾವನಾಗೇ ಇರ್ಲಿ’ ಎಂದಳಂತೆ. ಈಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ.

ಅಜ್ಜಿಯ ಸಿಟ್ಟು ಪೂರ್ತಿ ಇಳಿದಿಲ್ಲ. ಈ ಸಲ ಅವರೆಕಾಯಿ ಕಾಲದಲ್ಲಿ ಮೊಮ್ಮಗಳ ಕೈಯಲ್ಲಿ ಒಂದು ಚೀಲ ಸೊಗಡವರೆ ಕಳಿಸಿದ್ದರು. ಜೊತೆಗೆ ಒಂದು ಮಾತನ್ನೂ: ‘ಹೊರಗಡೆ ಕೊಟ್ಟು ಅವಳಿಗೆ ಏನಾದ್ರೂ ಆದ್ರೆ ಮೇಷ್ಟ್ರನ್ನೇ ಕೇಳ್ತೀನಿ ಅಂತ ಹೇಳು.’ ನ್ಯಾಯವಾದ ಮಾತು. ನಾನು ಒಪ್ಪಿಕೊಂಡಿದ್ದೇನೆ.

ಪೋಷಕರಿಗೆ ನನ್ನ ಕೋರಿಕೆ ಇಷ್ಟೇ. ಮಗು ತೊಟ್ಟಿಲಲ್ಲಿದ್ದಾಗಲೇ ಮಾತು ಕೊಡಬೇಡಿ. ಆ ಮಾತನ್ನು ನಡೆಸಬೇಕಾದವರು ಬೇರೆಯವರು. ಹೆಣ್ಣಿಗೆ 18, ಗಂಡಿಗೆ 21 ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ. ಈಗಾಗಲೇ ಸಂಬಂಧದಲ್ಲಿ ಮದುವೆಯಾಗಿರುವವರು ಹೆದರಬೇಕಾಗಿಲ್ಲ, ತಲೆತಗ್ಗಿಸಬೇಕಾಗಿಯೂ ಇಲ್ಲ. ಮಗು ಬೇಕೆನ್ನುವ ಮೊದಲೇ ವೈದ್ಯರಿಗೆ ವಿಷಯ ತಿಳಿಸಿ. ಮನೆತನದಲ್ಲಿ ಯಾರಿಗಾದರೂ ಹುಟ್ಟಿನಿಂದ ಬಂದ ತೊಂದರೆಯಿದ್ದರೆ ಮುಚ್ಚಿಡಬೇಡಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದಕ್ಕೆಂದೇ ಸಲಹೆ ನೀಡುವವರಿದ್ದಾರೆ. ಹುಟ್ಟಿದ ಮಗುವಿನ ಕಿವಿಯ ಪರೀಕ್ಷೆಯನ್ನು ಬೇಗ ಮಾಡಿಸಿ. ಬೇಗ ತಿಳಿದಷ್ಟೂ ಮಾತು ಕಲಿಸುವುದು ಸುಲಭ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಪಾಠ ಕಲಿತ ಹುಮ್ಮಸ್ಸಿನಲ್ಲಿ ಮನೆಗೆ ಹೋಗಿ ಅಪ್ಪ ಅಮ್ಮನ ಮುಂದೆ ಚೌಕ, ವೃತ್ತ ಬರೆಯುವ ಮೊದಲು ಒಂದು ಗಳಿಗೆ ನಿಲ್ಲಿ. ನಿಜವನ್ನು ಹೇಳಲೇಬೇಕು. ಆದರೆ ನಿಮ್ಮನ್ನು ಹೆತ್ತವರ ಮೇಲೆ ಆರೋಪಪಟ್ಟಿ ಹೊರಿಸಿ ಹೇಳಬೇಡಿ. ಬೇಡವೆನ್ನುವ ಹಕ್ಕು ನಿಮಗಿದೆ. ಬೇಡವೆಂದ ಮೇಲೆ ಆ ಮನೆಗೆ ನೀವು ಏನು ಮಾಡುತ್ತೀರಿ ಎಂಬುದನ್ನೂ ಯೋಚಿಸಿಕೊಂಡು ಹೋಗಿ.

ಅಮ್ಮ ಈಗಿಲ್ಲ. ಅವಳ ಪ್ರಶ್ನೆಗೆ ನನ್ನ ಉತ್ತರ ಅವಳಿಗೆ ತಲುಪಲಿಲ್ಲ. ಅಕ್ಕನ ಹೊಲ ಬಿಡಿಸಿಕೊಟ್ಟು ಹಲವು ವರ್ಷವಾಯಿತು. ಗೌರಿಹಬ್ಬಕ್ಕೆ ಈಗ ನಾವಿಬ್ಬರೂ ಹೋಗುತ್ತೇವೆ. ಬಸ್ಸಿನಲ್ಲಿ ಮೊರವನ್ನು ಮಾತ್ರ ತಮ್ಮ ನನ್ನ ಕೈಗೆ ಇನ್ನೂ ಕೊಡುವುದಿಲ್ಲ.